ವಿರೂಪಾಕ್ಷಪ್ಪ ಮಾಸ್ತರರ ವರ್ಗಮೂಲ

ಮದುವೆಯಾಗದವನ ಕಷ್ಟ ಊರಿಗೆಲ್ಲ ಗೊತ್ತಾಗುತ್ತದೆ. ಬೀಜಗಣಿತ ಬಲ್ಲವನ ಕಷ್ಟ ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗುವುದಿಲ್ಲ. ಇದು ವಿರೂಪಾಕ್ಷಪ್ಪ ಮಾಸ್ತರರು ಸ್ವಂತ ಖರ್ಚಿನಲ್ಲಿ ಕಲಿತ ಪಾಠ.

ನಿಜಾಮರ ಸರಕಾರ ಅವರನ್ನು ಗಂಗಾವತಿಯಿಂದ ಎತ್ತಿ ಯಲಬುರ್ಗಾಕ್ಕೆ ಒಗೆದಿತ್ತು. ಗಂಗಾವತಿಯಲ್ಲಿ ಜೊತೆಗೆ ದಾದೇಸಾಬ ಮಾಸ್ತರರಿದ್ದರು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದು ಲೆಕ್ಕ ಬಿಡಿಸಿದರೆ, ಅದರ ರುಚಿಯಲ್ಲಿ ಸಾರಿಗೆ ಉಪ್ಪು ಬಿದ್ದಿಲ್ಲವೆಂಬುದೂ ತಿಳಿಯುತ್ತಿರಲಿಲ್ಲ. ಇಲ್ಲಿ ಯಾರಿದ್ದಾರೆ? ಶಾಲೆಯ ಗಣಿತ ತ್ರೈರಾಶಿಯವರೆಗೆ ಬಂದು ಕಾಲು ಮುರಿದುಕೊಂಡು ಕೂತಿತ್ತು. ಊರಿನವರು "ನಮಸ್ಕಾರ್ರಿ ಮಾಸ್ತರ" ಎನ್ನುವರು, ಮಳೆಯ ಮಾತೆತ್ತುವರು, ಮಳೆ ಮುಗಿಯುತ್ತಲೇ (ಮಳೆಯಲ್ಲ, ಮಾತು, ಮಳೆ ಎಲ್ಲಿ ಬಂದಿತ್ತು?) ಧೋತರ ಕೊಡವಿಕೊಂಡು ಏಳುವರು. ಮಾಸ್ತರರಿಗೆ ಉಣ್ಣಲಿಕ್ಕಿತ್ತು, ಉಡಲಿಕ್ಕಿತ್ತು, ಮಾತಾಡಲಿಕ್ಕೆ ಮಾತ್ರ ಒಂದು ನರಪಿಳ್ಳೆ ಇರಲಿಲ್ಲ. ಸಂಜೆಯಾದರೆ ಒಬ್ಬರೇ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಒಂದು ಶುಕ್ರವಾರ, ನಿಜಾಮರ ಶಾಲೆಗೆ ವಾರದ ಸೂಟಿ. ಮಾಸ್ತರರು ಪಾಟಿಯ ಮೇಲೆ √(5 + 2√6) ಎಂದು ಬರೆದುಕೊಂಡು ಗುದ್ದಾಡುತ್ತಿದ್ದರು. ಸೂರಿನ ಕೆಳಗೊಂದು ಸೂರು, ಮೂಲದೊಳಗೊಂದು ಮೂಲ. ಒಳಗಿನದನ್ನು ಹೊರಗೆ ತರಬೇಕು. ಕೂಡಿದರೆ ಐದು, ಗುಣಿಸಿದರೆ ಆರು ಆಗುವ ಎರಡು ಸಂಖ್ಯೆ ಯಾವುವು? ಮೂರು, ಎರಡು! ಅಷ್ಟೇ, ದೊಡ್ಡ ಸೂರು ಕಳಚಿ ಬಿತ್ತು. √3 + √2 ಎಂಬ ಎರಡು ಸರಳ ಮೂಲಗಳು ಹೊರಗೆ ಬಂದು ಬಿಸಿಲು ಕಾಯಿಸುತ್ತ ನಿಂತವು.

ಶಾಲೆಯ ಪುಸ್ತಕ ಉರ್ದು. ಅದರಲ್ಲಿ ಮೂಲಕ್ಕೆ ಜಝರ್ ಎನ್ನುತ್ತಿದ್ದರು. ಮಾಸ್ತರರು ಜಝರ್ ಎಂದು ಕೂಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೆಂಡತಿಗೆ ತಿಳಿಯಲಿ ಎಂದು ಅಚ್ಚಗನ್ನಡದಲ್ಲಿ ಕೂಗಿದರು.

"ಏ, ಕೇಳಿಲ್ಲೆ! ನನ್ನ ವರ್ಗಮೂಲದ ತ್ರಾಸು ಇವತ್ತ ತೀರಿತು ನೋಡು!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಿವಬಸಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಏನಂದ್ರಿ?"

"ಮೂಲ! ಕುಂತಲ್ಲಿ ಕುಂದರಗೊಟ್ಟಿದ್ದಿಲ್ಲ, ನಿಂತಲ್ಲಿ ನಿಂದರಗೊಟ್ಟಿದ್ದಿಲ್ಲ. ಹೊರಗೊಂದು ಮೂಲ, ಅದರೊಳಗ ಇನ್ನೊಂದು ಮೂಲ!"

"ಅಯ್ಯ ಶಿವನ! ಎರಡೆರಡ?"

"ಎರಡಽ! ಒಳಗಿಂದು ಹೊರಗ ಬರವಲ್ದಾಗಿತ್ತು. ಇವತ್ತ ಬಂತು!"

"ಇಷ್ಟು ದಿನ ನನಗ್ಯಾಕ ಹೇಳ್ಲಿಲ್ರಿ?"

"ನಿನಗ ಬ್ಯಾಸರ ಅಂತ…"

"ಬ್ಯಾಸರೇನ ಬಂತು? ಗಂಡನ ಸಂಕಟ ಹೆಂಡ್ತಿ ಕೇಳ್ಲಾರದ ಮತ್ಯಾರು ಕೇಳಬೇಕು?"

ಮಾಸ್ತರರ ಕಣ್ಣು ತುಂಬಿದವು. ಎಂಥ ಹೆಂಡತಿಯನ್ನು ಕೊಟ್ಟೆಯಪ್ಪ ದೇವರೇ! ಆಕೆ ಮಾತ್ರ ಬೇರೆಯೇ ಲೆಕ್ಕ ಬಿಡಿಸುತ್ತಿದ್ದಳು. ಗಂಗಾವತಿಯಿಂದ ಇಲ್ಲಿಗೆ ಬರುವಾಗ ಆ ಚಕ್ಕಡಿ ಎಷ್ಟು ಧಡಧಡ ಎತ್ತಿ ಹಾಕಿತ್ತು! ವರ್ಗವಾದದ್ದರಿಂದ ಬಂದ ಮೂಲವ್ಯಾಧಿ, ಅದಕ್ಕೇ ವರ್ಗಮೂಲ. (ವ್ಯಾಕರಣದ ಪ್ರಕಾರ ಆಕೆಯ ಸಮಾಸದಲ್ಲಿ ತಪ್ಪು ಹುಡುಕಲಾಗುವುದಿಲ್ಲ.) ಹೊರಗೆ ಬಂತೆಂದು ಗಂಡ ಕುಣಿಯುವುದನ್ನು ಕಂಡು, ರೋಗ ತಲೆಗೂ ಏರಿತೇನೋ ಎಂದು ಆಕೆಗೆ ದಿಗಿಲಾಯಿತು. ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಅಲ್ಲಿ ನೆರೆಮನೆಯ ಫಕೀರಮ್ಮ ಇದ್ದಳು. ಫಕೀರಮ್ಮನ ಕಿವಿಗೆ ಬಿದ್ದದ್ದಕ್ಕೆ ಬೇರೆ ಡಂಗುರ ಬೇಡ.

ಮರುದಿನ ಸಂಜೆ ಕಿರಾಣಿ ಅಂಗಡಿಯ ಹಂಪಣ್ಣ ತಾನಾಗಿ ಕಟ್ಟೆಗೆ ಬಂದ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಒಂದು ಮಗ್ಗುಲಿಗೆ ವಾಲಿ ಮೆಲ್ಲಗೆ ಕೂತ. ಎಂಥ ವಿನಯ ಎಂದುಕೊಂಡರು ಮಾಸ್ತರರು.

"ನಿಮ್ಮ ಮೂಲದ ಸುದ್ದಿ ಕೇಳಿ ಬಂದ್ನಿರಿ ಮಾಸ್ತರ."

ಮಾಸ್ತರರಿಗೆ ಸ್ವರ್ಗ ಮೂರೇ ಗೇಣು. "ನಿಮಗೂ ಅದರ ಪರಿಚಯ ಐತೇನ್ರಿ?"

"ಪರಿಚಯ ಅಂತೀರಲ್ರಿ! ನಮ್ಮಪ್ಪಗಿತ್ತು, ನನಗೂ ಐತಿ. ಕುಂತು ಮಾಡೂ ಉದ್ಯೋಗದವರಿಗೆ ಬಂದಽ ಬರ್ತೈತಿ."

"ಖರೆ! ಕುಂತವರಿಗೆ ಮಾತ್ರ ಒಲಿಯೂದು!"

"ಒಳಗಿಂದು ಹೊರಗ ಹ್ಯಾಂಗ ತಗದ್ರಿ? ನೋವಾಗ್ಲಿಲ್ಲೇನು?"

"ನೋವೆಲ್ಲಿಂದು? ಆನಂದ! ಎರಡು ಹುಡುಕಬೇಕ್ರಿ. ಕೂಡಿದ್ರ ಐದು, ಗುಣಿಸಿದ್ರ ಆರು."

ಹಂಪಣ್ಣ ಇದೇನೋ ಔಷಧದ ಪ್ರಮಾಣವೆಂದು ಬೆರಳು ಮಡಿಚಿದ. "ಐದು ಎಂಥಾದ್ರಿ? ಮೆಣಸಿನ ಕಾಳೇನು?"

"ಯಾವ ಕಾಳು ಇಟ್ಕೊಂಡ್ರೂ ನಡೀತೈತಿ. ಇದು ಬೀಜಗಣಿತ!"

ಬೀಜ ಎಂದ ಮೇಲೆ ಹಂಪಣ್ಣನಿಗೆ ಸಂಶಯವೇ ಉಳಿಯಲಿಲ್ಲ. ಮರುದಿನ ತನ್ನಂಥವರನ್ನೇ ಇನ್ನೂ ಕೆಲವರನ್ನು ಕರೆತಂದ. ಎಲ್ಲರೂ ಕಂಬಳಿ ಮಡಿಚಿದರು, ಎಲ್ಲರೂ ಮಗ್ಗುಲಾಗಿ ಕೂತರು. ಮಾಸ್ತರರು ಪಾಟಿ ತೋರಿಸಿ ತೋರಿಸಿ ಹೇಳಿದ್ದೇ ಹೇಳಿದ್ದು, ಅವರು ತಲೆಯಾಡಿಸಿದ್ದೇ ಆಡಿಸಿದ್ದು. ಒಬ್ಬ ಮಜ್ಜಿಗೆ ತಂದ, ಒಬ್ಬ ಸುವರ್ಣಗಡ್ಡೆ ತಂದ. ಯಲಬುರ್ಗಾದಲ್ಲಿ ಇಷ್ಟೊಂದು ಗಣಿತಾಸಕ್ತರಿದ್ದೂ ತಾನು ಮೋರೆ ಗಂಟಿಕ್ಕಿಕೊಂಡು ಕೂತಿದ್ದೆನಲ್ಲ ಎಂದು ಮಾಸ್ತರರಿಗೆ ನಾಚಿಕೆಯಾಯಿತು. ಶಿವಬಸಮ್ಮ ಪಥ್ಯವೆಂದು ದಿನಾ ಗಡ್ಡೆಯ ಸಪ್ಪನೆ ಪಲ್ಯ ಬಡಿಸಿದರೂ ಅವರು ಗಮನಿಸಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಶಿವಬಸಮ್ಮನೇ ಹೇಳಿಕಳಿಸಿ ಹಕೀಮ ಹಾಜಿಸಾಬರನ್ನು ಕರೆಸಿದಳು.

"ಎಲ್ಲಿ ಮಾಸ್ತರ, ಮೂಲ ತೋರಿಸ್ರಿ."

"ಕಟ್ಟಿ ಮ್ಯಾಲ ಬರ್ರಿ, ಛಲೋ ಬೆಳಕೈತಿ. ಹೋಗೋ ಬರೋ ಮಂದೀನೂ ನೋಡ್ಲಿ!"

"ತೋಬಾ ತೋಬಾ!" ಎಂದು ಹಕೀಮರು ಅವರನ್ನು ರಟ್ಟೆ ಹಿಡಿದು ಒಳಗೆ ಎಳೆದು ಕದ ಹಾಕಿದರು. ಮಾಸ್ತರರು ಹೆಮ್ಮೆಯಿಂದ ಪಾಟಿ ಮುಂದೆ ಹಿಡಿದರು. ಹಕೀಮರು ಪಾಟಿ ನೋಡಿದರು, ಮಾಸ್ತರರನ್ನು ನೋಡಿದರು, ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು.

"ಮಾಸ್ತರ, ಇದು ಜಝರ್. ನಾ ತಂದದ್ದು ಬವಾಸೀರ್‌ನ ಮುಲಾಮು."

ಬವಾಸೀರ್ ಎಂದರೆ ಮೂಲವ್ಯಾಧಿ. ಮಾಸ್ತರರಿಗೆ ಉರ್ದು ಇಷ್ಟು ಚೆನ್ನಾಗಿ ಬರುತ್ತಿದ್ದುದು ಅಂದು ಶಾಪವಾಯಿತು. ಕುಸಿದು ಕೂತರು.

"ಹಂಗಾದ್ರ ಹಂಪಣ್ಣ? ಅವನ ಕೂಡ ಬಂದವರು?"

"ಎಲ್ಲಾ ನಮ್ಮ ಗಿರಾಕಿನಽ," ಎಂದರು ಹಾಜಿಸಾಬರು, ನಗೆಯನ್ನು ಗಡ್ಡದಲ್ಲಿ ಅಡಗಿಸುತ್ತ. "ಚಿಂತಿ ಬ್ಯಾಡ. ಹಕೀಮ ಮಂದಿ ಗುಟ್ಟು ಹೊರಗ ಹಾಕೂದಿಲ್ಲ." ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದರು.

ತನ್ನ ಲೆಕ್ಕವನ್ನು ಒಬ್ಬನೂ, ಒಬ್ಬನೇ ಒಬ್ಬನೂ ಕೇಳಿರಲಿಲ್ಲ. ಅಷ್ಟು ಜನರ ನಡುವೆಯೂ ತಾನು ಒಬ್ಬನೇ ಇದ್ದೆನಲ್ಲ ಎಂದು ಮಾಸ್ತರರಿಗೆ ಅಳು ಬಂತು.

"ನಂದಽ ತಪ್ಪು," ಎಂದು ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಶಿವಬಸಮ್ಮ ಸೆರಗು ಬಿಗಿದಳು. "ಮನಿ ಮನಿಗೆ ಹೋಗಿ ಖರೆ ಹೇಳಿ ಬರ್ತೀನಿ." ಹೊಸ್ತಿಲವರೆಗೆ ಹೋದವಳು ಅಲ್ಲೇ ನಿಂತಳು.

"ಯಾಕ, ಏನಾತು?"

"ಹೇಳಿದ ಮ್ಯಾಲ ಫಕೀರವ್ವ ನನ್ನ ಕೂಡ ಮಾತಾಡ್ತಾಳೇನ್ರಿ? ಈ ಊರಿಗೆ ಬಂದಾಗಿಂದ ಬಾವಿ ಮ್ಯಾಲ ಒಬ್ಬರೂ ನನ್ನ ಹೆಸರು ಹಿಡಿದು ಕರದಿದ್ದಿಲ್ಲ. ನಿಮಗ ಮೂಲ ಬಂದ ಮ್ಯಾಲನಽ 'ಶಿವಬಸವ್ವ, ಬಾ, ಕುಂದರ' ಅನ್ನಾಕ ಹತ್ಯಾರ."

ಮಾಸ್ತರರು ಬೆಪ್ಪಾದರು. ಒಂದೇ ಸೂರಿನ ಕೆಳಗೆ ಒಬ್ಬಂಟಿಯಾಗಿದ್ದವರು ಇಬ್ಬರು. ಈ ಇನ್ನೊಬ್ಬಳನ್ನು ಅವರು ಒಂದು ದಿನವೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲೆ ಕಂಬಳಿ ಕೊಡವಿದ ಸದ್ದು. ಹಂಪಣ್ಣ ಅಂದು ಹೊತ್ತಿಗೆ ಮೊದಲೇ ಬಂದಿದ್ದ. "ಮಾಸ್ತರ! ಹಕೀಮ ಬಂದಿದ್ರಂತ? ಏನಂದ್ರು?"

ಖರೆ ಹೇಳಿದರೆ ಅವನು ಧೋತರ ಕೊಡವಿಕೊಂಡು ಎದ್ದು ಹೋಗುತ್ತಾನೆ. ಹೇಳದಿದ್ದರೆ ಮಾಸ್ತರರ ಮರ್ಯಾದೆ ಕೂತಲ್ಲೇ ಹೋಗುತ್ತದೆ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಗಂಟಲು ಸರಿಮಾಡಿಕೊಂಡು ಒಳಗಿನಿಂದಲೇ ಕೂಗಿದಳು:

"ಎರಡು ಹೊರಗ ಬಂದಾವ್ರಿ ಅಣ್ಣಾರ! ಆದ್ರ ಇನ್ನೂ ಒಳಗ ಭಾಳ ಅದಾವಂತ. ವರ್ಷಗಟ್ಲೆ ಹಿಡೀತೈತಂತ. ದಿನಾ ಬಂದು ಹೋಗ್ಕೋತ ಇರ್ರಿ!"

"ಬರೂದಽ ಸೈ ತಂಗಿ!" ಎಂದ ಹಂಪಣ್ಣ.

ಮಾಸ್ತರರಿಗೆ ಎದೆ ಹಗುರಾಯಿತು. ಅದರ ಹಿಂದೆಯೇ ಹಸಿವೂ ಆಯಿತು. ತಾಟಿನ ಮುಂದೆ ಕೂತರು. ಅವರ ತಾಟಿನಲ್ಲಿ ರೊಟ್ಟಿ, ಸುವರ್ಣಗಡ್ಡೆ, ಮಜ್ಜಿಗೆ. ಹೆಂಡತಿಯ ತಾಟಿನಲ್ಲಿ ಎಣ್ಣೆಗಾಯಿ ಬದನೆ, ಜೊತೆಗೆ ಘಮಘಮಿಸುವ ಕೆಂಪು ಖಾರದ ಚಟ್ನಿ. ಇನ್ನೇಕೆ ಪಥ್ಯ ಎಂದು ಮಾಸ್ತರರು ನಗುತ್ತ ಚಟ್ನಿಗೆ ಕೈ ಚಾಚಿದರು. ಶಿವಬಸಮ್ಮ ಫಕ್ಕನೆ ತಾಟನ್ನು ಹಿಂದಕ್ಕೆಳೆದುಕೊಂಡು, ಬಾಗಿಲ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದಳು:

"ಬ್ಯಾಡ್ರಿ! ಹಂಪಣ್ಣ ಕಟ್ಟಿ ಮ್ಯಾಲಿಂದ ನೋಡಾಕ ಹತ್ಯಾನ!"