ಡ್ರಮ್ಮಿನ ಮುಚ್ಚಳದ ಮೇಲೆ ಕೂತ ಶಾಖಮಾಪಕರಿಗೆ

ಮಾನ್ಯರೇ,

ಸುರಪುರ ಬದಿಯ ಕಾಲುವೆ ಕ್ವಾರ್ಟರ್ಸಿನ ಹಿತ್ತಲಲ್ಲಿ, ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಇದ್ದಿಲ ಒಲೆಯ ಮುಚ್ಚಳದ ನೆತ್ತಿಯಲ್ಲಿ ಗಾಜಿನ ಮುಖ ಹೊತ್ತು ವಿರಾಜಮಾನರಾಗಿರುವ ತಮಗೆ, ಅದೇ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ನಿಂತಿದ್ದ ಅಮಾತೆಪ್ಪ ಮಾಡುವ ಶರಣು.

ಕಳೆದ ಭಾನುವಾರ ತಮಗೆ ನೆನಪಿರಬೇಕು. ನನ್ನ ಅಣ್ಣ ಮರಿಲಿಂಗಪ್ಪನಿಗೆ ಮಗಳು ಮೋನಮ್ಮನನ್ನು ಕೊಡುವುದೋ ಬಿಡುವುದೋ ಎಂದು ನೋಡಿಹೋಗಲು ಶಹಾಪುರದ ಕಡೆಯಿಂದ, ಕಾಲುವೆಯ ಕಟ್ಟಕಡೆಯ ಊರಿನ ಭೀಮವ್ವ ಬಂದಿದ್ದರು. ಕೋಳಿ ಸುಟ್ಟು ಬಡಿಸಿ ಅವರ ಮನಸ್ಸು ಗೆಲ್ಲುವುದು ಅಣ್ಣನ ಹಂಚಿಕೆ. ಕಾಲುವೆಯ ಬಾಯಲ್ಲಿ ನಿಂತು, ಅಳತೆಪಟ್ಟಿಯಲ್ಲಿ ನೀರು ಎಷ್ಟು ಅಡಿಯಿದೆಯೆಂದು ಬರೆದುಕೊಳ್ಳುವುದು ಅವನ ನೌಕರಿಯಾದ್ದರಿಂದ, ಅಂಕಿ ತೋರಿಸುವ ಯಾವುದನ್ನೂ ಆತ ಹೆತ್ತವರಿಗಿಂತ ಹೆಚ್ಚು ನಂಬುತ್ತಾನೆ.

ತಾವು ನೂರಾ ಇಪ್ಪತ್ತು ಡಿಗ್ರಿ ಎಂದಿರಿ. ಅಣ್ಣ ವಹಿಯಲ್ಲಿ ಬರೆದುಕೊಂಡು, ಶಾಖ ಸಾಲದೆಂದು ಇನ್ನೊಂದು ಬುಟ್ಟಿ ಇದ್ದಿಲು ಸುರಿದ. ತಾವು ಘನತೆ ಬಿಟ್ಟುಕೊಡದೆ ನೂರಾ ಮೂವತ್ತಕ್ಕೆ ಏರಿದಿರಿ. ಬೀಸಣಿಗೆ ಜೋರು ಮಾಡೆಂದು ನನಗೆ ಅಪ್ಪಣೆಯಾಯಿತು. ಕೆಳಗೆ ಜಾಳಿಗೆಯ ಮೇಲೆ ಕೋಳಿ ಬೆಂಕಿಯನ್ನೇ ಹೊದ್ದು ಮಲಗಿತ್ತು, ಕಮರು ವಾಸನೆಗೆ ಓಣಿಯ ನಾಯಿಗಳೂ ಮುಖ ತಿರುಗಿಸಿದವು. ಆದರೆ ಎರಡು ಗೇಣು ಎತ್ತರದ ಪದವಿಯಲ್ಲಿರುವ ತಮಗೆ ಇಂಥ ಕ್ಷುಲ್ಲಕ ಸುದ್ದಿ ತಲುಪದಿದ್ದುದು ಸಹಜವೇ.

ತಟ್ಟೆಗೆ ಬಂದ ತೊಡೆಯ ತುಂಡು ಹೊರಗೆ ಇದ್ದಿಲು, ಎಲುಬಿನ ಹತ್ತಿರ ಹಸಿ ಕೆಂಪು. ಅಣ್ಣ ಎದೆಗುಂದದೆ ವಹಿ ತೆರೆದು ಅಂಕಿಗಳನ್ನೆಲ್ಲ ಓದಿ ಹೇಳಿದ. ಭೀಮವ್ವ ಪೂರ್ತಿ ಕೇಳಿಸಿಕೊಂಡರು.

“ನಿಮ್ಮ ಪಟ್ಟ್ಯಾಗ ನಾಕು ಫೂಟು ಇದ್ದಾಗೂ ನಮ್ಮ ಹೊಲಕ್ಕ ಹನಿ ನೀರು ಬಂದಿದ್ದಿಲ್ಲ ತಮ್ಮಾ. ಈ ಕೋಳಿ ಎಲುಬೂ ನಮ್ಮ ಹೊಲ ಇದ್ದಂಗೇ ಐತಿ.”

ಆಮೇಲೆ ಸೆರಗು ಸಿಗಿಸಿ, ಕೆಂಡವನ್ನು ಒಂದು ಬದಿಗೆ ಸರಿಸಿ, ರೊಟ್ಟಿಯ ಹಂಚಿಗೆ ಹಿಡಿಯುವಂತೆ ಜಾಳಿಗೆಯ ಮೇಲೆ ಅಂಗೈ ಹಿಡಿದು ಐದರ ತನಕ ಎಣಿಸಿ, ಉಳಿದ ತುಂಡುಗಳನ್ನು ಕೆಂಡವಿಲ್ಲದ ಬದಿಗಿಟ್ಟು ಮುಚ್ಚಿದರು. ಮುಕ್ಕಾಲು ಗಂಟೆಯ ಮೇಲೆ ಎಲ್ಲರೂ ಬೆರಳು ನೆಕ್ಕಿದರು. ಅಷ್ಟು ಹೊತ್ತೂ ತಮ್ಮ ಮುಖವನ್ನು ಒಬ್ಬರೂ ನೋಡಲಿಲ್ಲವೆಂಬುದನ್ನು ಅತೀವ ವಿಷಾದದಿಂದ ನಿವೇದಿಸುತ್ತೇನೆ. ಅಣ್ಣ ತುದಿಯ ಹೊಲದ ತನಕ ಬಂದು ನೀರು ಅಳೆಯಲಿ, ಮಗಳ ಮಾತು ಆಮೇಲೆ ಎಂದು ಹೇಳಿ ಭೀಮವ್ವ ಬಸ್ಸು ಹತ್ತಿದರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಮುಚ್ಚಳದಿಂದ ಇಳಿದು, ಕೋಳಿಯ ಮಗ್ಗುಲಲ್ಲೇ ಮಲಗಿ, ಅದು ಪಡುವ ಪಾಡನ್ನೆಲ್ಲ ಪಟ್ಟು ವರದಿ ಒಪ್ಪಿಸಬೇಕು. ಆಗದಿದ್ದರೆ ಅದರ ತೊಡೆಯೊಳಗೆ ಮೂಗು ತೂರಿಸಿ ಅಲ್ಲಿಂದಲೇ ಕೂಗಬೇಕು. ಅದೂ ಆಗದಿದ್ದರೆ ಆರು ತಿಂಗಳು ಭೀಮವ್ವನ ಅಂಗೈಯ ಕೈಕೆಳಗೆ ತರಬೇತಿಗೆ ಹೋಗಬೇಕು.

ಇಂತಿ, ಕರಕಲು ಕಾಲೇ ಪಾಲಿಗೆ ಬಂದರೂ ಮುನಿಯದ
ತಮ್ಮ ವಿಶ್ವಾಸಿ,
ಅಮಾತೆಪ್ಪ

ತಾ.ಕ.: ಅಣ್ಣ ತುದಿಯ ಹೊಲಕ್ಕೆ ಹೋಗಿ ಬಂದ. ಅಲ್ಲಿ ನೀರು ಹಿಮ್ಮಡಿಗೂ ಇರಲಿಲ್ಲವಂತೆ. ಬದುವಿನ ಮೇಲೆ ಮೋನಮ್ಮ ಇದ್ದಳಂತೆ. ಅವಳೆದುರೇ ವಹಿಯಲ್ಲಿ ಸೊನ್ನೆ ಬರೆದದ್ದಕ್ಕೆ ಭೀಮವ್ವ ಕುಡಿಯಲು ಮಜ್ಜಿಗೆ ಕೊಟ್ಟರಂತೆ. ತಾವು ಮಾತ್ರ ಒಲೆ ಆರಿ ನಾಲ್ಕು ದಿನವಾದರೂ ಅರವತ್ತು ತೋರಿಸುತ್ತಿದ್ದೀರಿ. ನಮ್ಮ ಬಿಸಿಲಿನ ತಪ್ಪಿರಬಹುದೆಂದು ತಮ್ಮನ್ನು ಈಗಷ್ಟೇ ಕೊಡದ ತಣ್ಣೀರಿನಲ್ಲಿ ಮುಳುಗಿಸಿ ನೋಡಿದೆ. ಅರವತ್ತೇ.