ನಾನು ಡೀಕನ್ ಆಗದೆ ಉಳಿದದ್ದು

ಪದವಿ ಬೇಕು ಎಂದು ಬಾಯಿಬಿಟ್ಟು ಕೇಳುವವನಿಗೆ ಒಂದೇ ಕಷ್ಟ. ಬೇಕಾಗಿದ್ದರೂ ಬೇಡ ಎನ್ನಬೇಕಾದವನಿಗೆ ಎರಡು. ನಾನು ಎರಡನೆಯ ಪಂಗಡದವನು. ಅದಕ್ಕೆ ನನ್ನ ಸ್ವಭಾವದಷ್ಟೇ ನಮ್ಮ ಚರ್ಚಿನ ಸಭೆಯೂ ಕಾರಣ. ನಾವು ಬ್ಯಾಪ್ಟಿಸ್ಟರು. ಬೇರೆ ಸಭೆಗಳಿಗಾದರೆ ಮೇಲಿನಿಂದ ಬಿಷಪ್ಪರು ಪಾದ್ರಿಗಳನ್ನು ವರ್ಗ ಮಾಡಿ ಕಳಿಸುತ್ತಾರೆ, ತಾಲ್ಲೂಕು ಕಚೇರಿಗೆ ತಹಶೀಲ್ದಾರರು ಬಂದ ಹಾಗೆ. ನಮ್ಮ ಮೇಲೆ ಬಿಷಪ್ಪರಿಲ್ಲ. ದೀಕ್ಷಾಸ್ನಾನದ ತೊಟ್ಟಿಯಲ್ಲಿ ಮುಳುಗಿ ಎದ್ದ ಎಲ್ಲರಿಗೂ, ಗಂಡಸಿರಲಿ ಹೆಂಗಸಿರಲಿ, ಒಂದೊಂದು ಓಟು. ಪಾಲಕರನ್ನೂ, ಅಂದರೆ ನಮ್ಮ ಪಾದ್ರಿಗಳನ್ನೂ, ನಾವೇ ಆರಿಸಬೇಕು, ಅವರ ಕೈಕೆಳಗೆ ಸಭೆ ನೋಡಿಕೊಳ್ಳುವ ಡೀಕನ್ನರನ್ನೂ ನಾವೇ ಆರಿಸಬೇಕು. ಇದನ್ನು ಬಳ್ಳಾರಿಯ ಗಾಂಧಿನಗರದ ನಮ್ಮ ನೆರೆಮನೆಯ ಬಸವನಗೌಡರಿಗೆ ಒಮ್ಮೆ ವಿವರಿಸಿದೆ. ಅವರು, “ಅಲ್ರೀ ಮಾಸ್ತರ, ಸೋತ ಸ್ವಾಮ್ಯಾರಿಗೆ ಠೇವಣಿ ವಾಪಸ್ ಕೊಡ್ತೀರೇನು?” ಎಂದು ಕೇಳಿದರು.

ಎಪ್ಪತ್ತರ ದಶಕದಲ್ಲಿ ನಮ್ಮ ಹಳೆಯ ಪಾಲಕರು ನಿವೃತ್ತರಾದಾಗ ಹೊಸ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಳ್ಳಾರಿಗೆ ಬರತೊಡಗಿದರು. ಭಾನುವಾರ ಅವರು ನಮ್ಮೆದುರು ಪ್ರಸಂಗ, ಅಂದರೆ ಉಪದೇಶ, ಮಾಡಿ ತೋರಿಸಬೇಕು. ಹೆಣ್ಣು ನೋಡುವ ಶಾಸ್ತ್ರವೇ, ಆದರೆ ಇಲ್ಲಿ ತೋರಿಸಿಕೊಳ್ಳಲು ಬಂದವರೇ ಉಪ್ಪಿಟ್ಟು ತಿನ್ನುತ್ತಾರೆ. ಮೊದಲು ಬಂದವರು ಮೇ ತಿಂಗಳ ಬಿಸಿಲಿನಲ್ಲಿ ನರಕದ ಬೆಂಕಿಯನ್ನು ಒಂದೂವರೆ ಗಂಟೆ ವರ್ಣಿಸಿದರು. ಅದರಲ್ಲಿ ಬಳ್ಳಾರಿಯವರಿಗೆ ಹೊಸದೇನೂ ಕಾಣಲಿಲ್ಲ. ಎರಡನೆಯವರು ಅಚ್ಚ ತೆಲುಗಿನವರು. ತೆಲುಗು ಬೆಂಚಿನವರು ಕಣ್ಣೊರೆಸಿಕೊಂಡರು. ದಿನಾ ಬಜಾರಿನಲ್ಲಿ ತೆಲುಗಿನಲ್ಲೇ ಚೌಕಾಶಿ ಮಾಡುವ ಕನ್ನಡ ಬೆಂಚಿನವರಿಗೆ ಅವತ್ತು ಮಾತ್ರ ಒಂದಕ್ಷರ ಅರ್ಥವಾಗಲಿಲ್ಲ. ಮೂರನೆಯವರು ಸಿರುಗುಪ್ಪ ಕಡೆಯ ಯುವಕರು, ದಾನಿಯೇಲ್ ಎಂದು ಹೆಸರು. ಎರಡೂ ಭಾಷೆಯಲ್ಲಿ ಚುಟುಕಾಗಿ ಮಾತಾಡಿ ಕುಳಿತುಬಿಟ್ಟರು.

ಮೂವರಿಗೂ ಊಟ ನಮ್ಮ ಮನೆಯಲ್ಲೇ. ಹೊರಗಿನಿಂದ ಬಂದ ಬೋಧಕರಿಗೆ ಊಟ ಹಾಕುವುದು ಡೀಕನ್ನರ ಮನೆಯ ಪಾಲು; ಆದರೂ ನಾನೇ ಮೇಲೆ ಬಿದ್ದು ಕರೆತಂದಿದ್ದೆ. ಪಾಲಕರ ಹಿಂದೆಯೇ ಬರಲಿದ್ದ ಡೀಕನ್ ಚುನಾವಣೆಯ ಮೇಲೆ ನನಗೆ ಕಣ್ಣಿತ್ತು. ಕಣ್ಣು ನನ್ನದು, ರೊಟ್ಟಿ ಬಡಿದವಳು ಹೆಂಡತಿ ಸುಗುಣಮ್ಮ. ಗಂಡಸರು ವಾರಗಟ್ಟಲೆ ಸಿದ್ಧಾಂತ ಚರ್ಚಿಸುತ್ತಿದ್ದಾಗ ಹೆಂಗಸರು ಅವಳ ಹತ್ತಿರ ಒಂದೇ ವಿಚಾರಣೆ ನಡೆಸಿದರು: ಯಾರು ಹೇಗೆ ಉಂಡರು? ಮೊದಲನೆಯವರು ಪಲ್ಯಕ್ಕೆ ಉಪ್ಪು ಕಡಿಮೆ ಎಂದಿದ್ದರು, ಎರಡನೆಯವರು ರೊಟ್ಟಿ ಸರಿಸಿ ಅನ್ನ ಕೇಳಿದ್ದರು. ದಾನಿಯೇಲರು ಮಾತ್ರ ಇನ್ನೊಂದು ಹಾಕಲೇ ಎಂದರೆ, “ಹಾಕ್ರಿ ಅಕ್ಕಾರ, ಹಸಿವಾಗೈತಿ” ಎಂದರಂತೆ. ಅಲ್ಲಿಗೆ ಚುನಾವಣೆ ಮುಗಿಯಿತು. ಹಿರಿಯ ಡೀಕನ್ ಸಮುವೇಲಪ್ಪನವರು ಅವರಿಗೆ ಸಭೆಯ ಕರೆಯನ್ನು ತಿಳಿಸಿ, “ಪ್ರಾರ್ಥನಿ ಮಾಡಿ ಸಾವಕಾಶ ಹೇಳ್ರಿ” ಎಂದರು. “ಪ್ರಾರ್ಥನಿ ಮಾಡೇ ಬಂದೀನ್ರಿ. ಬರ್ತೀನಿ” ಎಂದರು ದಾನಿಯೇಲರು. ಇಷ್ಟು ಬೇಗ ಒಪ್ಪಿದ್ದು ಕೆಲವು ಹಿರಿಯರಿಗೆ ಲಘುವಾಗಿ ಕಂಡಿತು. ನಾನು ಎದ್ದು ನಿಂತು, ಮನಸ್ಸಿನಲ್ಲಿದ್ದದ್ದನ್ನೇ ಬಾಯಲ್ಲಿ ಆಡುವ ಇಂಥವರೇ ನಮಗೆ ಬೇಕು ಎಂದು ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು.

ಡೀಕನ್ ಆಗುವುದಕ್ಕೆ ನಮ್ಮಲ್ಲಿ ಒಂದು ರಿವಾಜಿದೆ. ಹೆಸರು ಸೂಚಿಸಿದ ಕೂಡಲೇ ಆ ಮನುಷ್ಯ ಎದ್ದು ತಲೆ ತಗ್ಗಿಸಿ, ‘ನಾನು ಅಯೋಗ್ಯ’ ಎನ್ನಬೇಕು. ಸಭೆ ಒತ್ತಾಯಿಸುತ್ತದೆ. ಆಮೇಲೆ ಹೆಂಡತಿಯ ಆರೋಗ್ಯ ಮುಂದಿಡಬೇಕು. ಸಭೆ ಮತ್ತೆ ಒತ್ತಾಯಿಸುತ್ತದೆ. ಆಗ ಕಾಲಿನ ಹೆಬ್ಬೆರಳು ನೋಡುತ್ತ, ‘ಸಭೆಯ ಚಿತ್ತ’ ಎಂದು ಕುಳಿತುಕೊಳ್ಳಬೇಕು. ಬೀಗರ ಊಟದಲ್ಲಿ ಸಾಕು ಸಾಕೆಂದು ಎಲೆಗೆ ಅಡ್ಡ ಹಿಡಿದ ಕೈಯಲ್ಲಿ ಬೆರಳ ಸಂದಿ ಬಿಟ್ಟಿರುತ್ತದಲ್ಲ, ಹಾಗೆ. ಶಾಲೆಯಲ್ಲಿ ವರ್ಷಾನುಗಟ್ಟಲೆ ಸಹಾಯಕ ಮಾಸ್ತರನಾಗಿಯೇ ಉಳಿದವನು ನಾನು. ಒಂದು ಕಡೆಯಾದರೂ ಮುಂದಿನ ಬೆಂಚಿನಲ್ಲಿ ಕೂರಬೇಕು, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ತಟ್ಟೆ ಹಿಡಿದು ಎಲ್ಲರೆದುರು ನಡೆಯಬೇಕು ಎಂಬ ಆಸೆ ನನಗೆ ಬಹಳವಾಗಿತ್ತು. ಪಂಚೆಗೆ ಗಂಜಿ ಹಾಕಿಸಿದೆ. ಕನ್ನಡಿಯ ಮುಂದೆ ಎರಡು ನಿರಾಕರಣೆಗಳನ್ನೂ ಕೊನೆಯ ಒಪ್ಪಿಗೆಯನ್ನೂ ಅಭ್ಯಾಸ ಮಾಡಿದೆ.

ಸಭೆ ಸೇರಿತು. ಹೊಸ ಪಾಲಕರದೇ ಅಧ್ಯಕ್ಷತೆ. ಸಮುವೇಲಪ್ಪನವರು ನನ್ನ ಹೆಸರು ಸೂಚಿಸಿದರು. ನಾನು ಎದ್ದು, ಧ್ವನಿಯನ್ನು ಬೇಕಾದಷ್ಟೇ ನಡುಗಿಸಿ, “ನಾನು ಅಯೋಗ್ಯ ಅದೀನ್ರಿ, ಅಯ್ಯನವರ” ಎಂದೆ.

ದಾನಿಯೇಲರ ಕಣ್ಣು ತುಂಬಿ ಬಂತು. “ಇಷ್ಟು ಮಂದಿ ಮುಂದ ಇದನ್ನ ಒಪ್ಪಿಕೊಳ್ಳಾಕ ಧೈರ್ಯ ಬೇಕ್ರಿ ಮಾಸ್ತರ. ದೇವರು ನಿಮ್ಮನ್ನ ಆಶೀರ್ವದಿಸಲಿ. ಕುಂದರ್ರಿ. ಬ್ಯಾರೆ ಹೆಸರು ಹೇಳ್ರಿ.”

ನನ್ನ ಎರಡನೆಯ ನಿರಾಕರಣೆ ಬಾಯಲ್ಲೇ ಉಳಿಯಿತು. ಸಮುವೇಲಪ್ಪನವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತೆಲುಗು ಬೆಂಚಿನವರು ಸೈಕಲ್ ಶಾಪಿನ ರತ್ನಂ ಹೆಸರು ಕೂಗಿದರು. ರತ್ನಂ ಕೂಡ ಅಯೋಗ್ಯನಾಗಲು ಸಿದ್ಧನಾಗಿಯೇ ಬಂದಿದ್ದ. ಆದರೆ ವ್ಯಾಪಾರಸ್ಥ, ಗಾಳಿ ಎತ್ತ ಬೀಸುತ್ತಿದೆ ಎಂಬುದು ತಕ್ಷಣ ತಿಳಿಯಿತು. “ಚೇಸ್ತಾನಂಡಿ. ಮಾಡ್ತೀನ್ರಿ” ಎಂದು ಎರಡೂ ಭಾಷೆಯಲ್ಲಿ ಒಪ್ಪಿಕೊಂಡು ಕುಳಿತ.

ಮತದಾನ ನಮ್ಮಲ್ಲಿ ಕಣ್ಣು ಮುಚ್ಚಿಕೊಂಡು ನಡೆಯುತ್ತದೆ. ಪ್ರಾರ್ಥನೆಗೆ ಕೂತ ಹಾಗೆ ತಲೆ ಬಾಗಿಸಿ ಕೈ ಎತ್ತಬೇಕು. ಯಾರು ಯಾರಿಗೆ ಎತ್ತಿದರೆಂಬುದು ದೇವರನ್ನೂ ಪಾಲಕರನ್ನೂ ಬಿಟ್ಟು ಇನ್ನಾರಿಗೂ ಗೊತ್ತಾಗಬಾರದು. ಆಮೇಲೆ ಮನಸ್ತಾಪ ಬರಬಾರದೆಂದು ಹಿರಿಯರು ಮಾಡಿಟ್ಟ ಏರ್ಪಾಡು. ಪಾಲಕರು ರತ್ನಂ ಹೆಸರು ಹೇಳಿದರು, ಎಲ್ಲರೂ ಕಣ್ಣು ಮುಚ್ಚಿದರು. ಹೊಟ್ಟೆಯ ಉರಿ ತಡೆಯಲಾರದೆ ನಾನು ಒಂದು ಕಣ್ಣನ್ನು ಸ್ವಲ್ಪವೇ ತೆರೆದೆ. ಹೆಂಗಸರ ಕಡೆ ಎಲ್ಲರಿಗಿಂತ ಮೊದಲು, ಬಳೆ ಮೊಣಕೈವರೆಗೆ ಜಾರುವಷ್ಟು ಎತ್ತರಕ್ಕೆ ಎದ್ದ ಕೈ ನನ್ನ ಸುಗುಣಮ್ಮನದು.

ಜಟಕಾದಲ್ಲಿ ಮನೆಗೆ ಹೊರಟೆವು. ನಿಜಕ್ಕೂ ದುಃಖವಾಗಿತ್ತು. ಯಾಕೆ ಹೀಗೆ ಮಾಡಿದೆ ಎಂದು ಕೇಳಬೇಕು. ಕೇಳಿದರೆ, ನಿಮಗೆ ಹೇಗೆ ಕಾಣಿಸಿತು ಎನ್ನುತ್ತಾಳೆ.

ಅವಳೇ ಮಾತು ತೆಗೆದಳು. “ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾನಂತೂ ಆ ರತ್ನಮ್ಗ ಕೈ ಎತ್ತಲಿಲ್ಲ.” ಸ್ವಲ್ಪ ದೂರ ಹೋದ ಮೇಲೆ, “ಪಾಪ, ಇನ್ನ ಕುರುಗೋಡು, ಮೋಕ ಅಂತ ಎಲ್ಲಿಂದ ಬೋಧಕರು ಬಂದ್ರೂ ರೊಟ್ಟಿ ಬಡಿಯಾದು ಅವನ ಹೆಂಡ್ತಿ ಪಾಲಿಗೆ ಬಂತು ನೋಡ್ರಿ” ಎಂದು ಸೆರಗಿನಿಂದ ನೆಮ್ಮದಿಯಾಗಿ ಗಾಳಿ ಹಾಕಿಕೊಂಡಳು.

“ನನಗ ಗೊತ್ತೈತಿ ಬಿಡು. ನೀ ಹಂಗ ಮಾಡಾಕಿ ಅಲ್ಲ” ಎಂದೆ. ಕಣ್ಣು ಮುಚ್ಚಿಕೊಂಡಿದ್ದ ಗಂಡ ಇನ್ನೇನು ತಾನೇ ಹೇಳಬಲ್ಲ?