ಬಿಳಿ ಸೀರೆಯ ವಾಕಿಂಗ್

ನಮ್ಮ ಮೂರ್ನಾಡಿನ ಕಡೆ ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಏನಾದರೊಂದು ಆಗದೆ ಇರುವುದಿಲ್ಲ. ಕೆಲಸವಿದ್ದು ನಡೆಯುವವರನ್ನು ಯಾರೂ ತಡೆಯುವುದಿಲ್ಲ. ಆರೋಗ್ಯಕ್ಕೆಂದು ನಡೆಯುವವರು ಮಾತ್ರ ಊರಿಗೆಲ್ಲ ಉತ್ತರ ಕೊಡಬೇಕು.

ನಾನು ನಡೆಯಲು ಶುರು ಮಾಡಿದ್ದು ಖುಷಿಗಲ್ಲ. ನಮ್ಮವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ನನಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಅವತ್ತು ಬಂದವರಿಗೆ ಕುರ್ಚಿ ಸಾಲದು ಎಂದು ಪಕ್ಕದ ಮನೆಗೆ ಹೇಳಿ ಕಳಿಸುವುದು, ದೂರದಿಂದ ಬರುವವರಿಗೆ ಫೋನಿನಲ್ಲಿ ದಾರಿ ಹೇಳುವುದು, ಇದರಲ್ಲೇ ಹೊತ್ತು ಹೋಯಿತು. ಆಮೇಲೆ ಅಳೋಣವೆಂದರೆ ಬರಲಿಲ್ಲ. ಎದೆಯೊಳಗೆ ಏನೋ ಗಟ್ಟಿಯಾಗಿ ಕೂತಿತ್ತು. ನಿದ್ದೆ ಇಲ್ಲ, ಅನ್ನ ಸೇರದು, ನನ್ನ ಹೊಲಿಗೆ ಅಂಗಡಿಯ ಶಟರ್ ಎತ್ತುವ ಮನಸ್ಸಿಲ್ಲ. ಇದರ ಮೇಲೆ ಶುಗರ್ ಬೇರೆ ಏರಿತು. ಡಾಕ್ಟರು ಮಾತ್ರೆ ಬರೆದು, ದಿನಾ ಬೆಳಿಗ್ಗೆ ನಡೆಯಲೇಬೇಕು, ಹೀಗೇ ಕೂತರೆ ಕೂತಲ್ಲೇ ಮುಗಿದುಹೋಗುತ್ತೀರಿ ಎಂದರು. ಮುಗಿದರೆ ಮುಗಿಯಲಿ ಎಂದೇ ನನಗಿತ್ತು. ಪಕ್ಕದ ಮನೆಯಲ್ಲೇ ಇರುವ ನಾದಿನಿ ಬಿಡಲಿಲ್ಲ.

"ಅಣ್ಣ ಹೋದದ್ದು ಸಾಕು ಅತ್ತಿಗೆ" ಎಂದಳು.

ಆ ಮಾತಿಗೆ ಎದ್ದೆ.

೧. ಜೀಪು

ಮೊದಲ ದಿನ ಮನೆಯಿಂದ ಇಳಿದು ರಸ್ತೆಗೆ ಬಂದೆವೋ ಇಲ್ಲವೋ, ಸುಬೇದಾರ್ ಮಾವನ ಜೀಪು ಪಕ್ಕದಲ್ಲಿ ನಿಂತಿತು. ಮಿಲಿಟರಿಯಿಂದ ನಿವೃತ್ತರಾಗಿ ಊರಲ್ಲಿರುವ ಹಿರಿಯರು, ನೆಂಟರಲ್ಲದಿದ್ದರೂ ಎಲ್ಲರಿಗೂ ಮಾವ. ಹತ್ತಿ ಎಂದರು. ನಡೆಯುತ್ತೇವೆ ಎಂದೆ. ಎಲ್ಲಿಗೆ ಎಂದರು. ಎಲ್ಲಿಗೂ ಇಲ್ಲ ಎಂದೆ. ಎಲ್ಲಿಗೂ ಇಲ್ಲದಿದ್ದರೆ ಕಾಲು ಯಾಕೆ ನೋಯಿಸಿಕೊಳ್ಳುತ್ತೀರಿ, ಹತ್ತಿ ಎಂದರು. ಹತ್ತಿದೆವು. ಪೇಟೆಯಲ್ಲಿ ಇಳಿಸಿದರು. ಅಲ್ಲಿಂದ ನಡೆದು ಬರೋಣವೆಂದರೆ ಆಟೋದವನೊಬ್ಬ, ಅವನ ಹೆಂಡತಿಯ ಮದುವೆ ರವಿಕೆ ನಾನೇ ಹೊಲಿದದ್ದು, ಅಷ್ಟು ಉಪಕಾರವನ್ನೂ ಮರೆಯದೆ ನಮ್ಮನ್ನು ಮನೆ ಬಾಗಿಲಿಗೇ ತಂದು ಬಿಟ್ಟ.

ಮರುದಿನ ಮನಸ್ಸು ಗಟ್ಟಿ ಮಾಡಿ ಮಾವನಿಗೆ ಬೇಡವೆಂದೆವು. ಸಂಜೆ ಅವರ ಹೆಂಡತಿ ಮುಖ ಸಣ್ಣ ಮಾಡಿಕೊಂಡು ಬಂದು, ನಮ್ಮಿಂದ ಎಂಥ ತಪ್ಪಾಯ್ತು ಎಂದು ಕೇಳಿದರು. ಗಂಡನಿಲ್ಲದವಳನ್ನು ಒಂಟಿಯಾಗಿ ನಡೆಯಲು ಬಿಟ್ಟರು ಎಂದು ಊರು ಆಡಿಕೊಳ್ಳುವುದಿಲ್ಲವೇ ಎಂಬುದು ಅವರ ಸಂಕಟ. ಜೊತೆಗೆ ನಾದಿನಿ ಇದ್ದದ್ದು ಲೆಕ್ಕಕ್ಕೇ ಬರಲಿಲ್ಲ. ಅವರ ಸಮಾಧಾನಕ್ಕೆ ಮತ್ತೆ ಹತ್ತತೊಡಗಿದೆವು.

ತಿಂಗಳ ಕೊನೆಗೆ ಡಾಕ್ಟರು ವಾಕಿಂಗ್ ಹೇಗೆ ನಡೆದಿದೆ ಎಂದು ಕೇಳಿದರು. ನಾದಿನಿ ಪ್ರಾಮಾಣಿಕಳು.

"ದಿನಾ ಹೋಗ್ತೇವೆ ಡಾಕ್ಟ್ರೇ. ನಿನ್ನೆ ಮಾತ್ರ ಆಗಲಿಲ್ಲ, ಜೀಪು ಕೆಟ್ಟಿತ್ತು."

೨. ಗೇಟು

ಜೀಪಿನಿಂದ ತಪ್ಪಿಸಿಕೊಳ್ಳಲು ಎಸ್ಟೇಟಿನ ಒಳದಾರಿ ಹಿಡಿದೆವು. ಆಗೆಲ್ಲ ನಾನು ಸಿಕ್ಕಿದವರಿಗೆ, ದೇವರು ನನ್ನನ್ನೂ ನಮ್ಮವರ ಹಿಂದೆಯೇ ಕರೆಸಿಕೊಂಡರೆ ಸಾಕು ಎನ್ನುತ್ತಿದ್ದೆ. ಬಾಯಿಮಾತಲ್ಲ, ಹಾಗೇ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಕೊಂಬೆ ಮುರಿದ ಸದ್ದಾಯಿತು. ಆಚೆಯಿಂದ ವಾಚರ್, ಆನೆ ಉಂಟು, ಹಿಂದೆ ಹೋಗಿ ಎಂದು ಕೂಗಿದ. ಬರಲಿ, ನಾನು ಇಲ್ಲೇ ನಿಲ್ಲುತ್ತೇನೆ ಎಂದುಕೊಂಡೆ. ಆ ಯೋಚನೆ ಮುಗಿಯುವ ಹೊತ್ತಿಗೆ ಎಸ್ಟೇಟಿನ ಗೇಟು ಹತ್ತಿ ಇಳಿದು ಆಚೆ ಬದಿಯಲ್ಲಿದ್ದೆ. ಸೆರಗಿನ ಅರ್ಧ ಗೇಟಿನ ಮೇಲೆಯೇ ಉಳಿದಿತ್ತು. ಉಸಿರು ತಿರುಗಿದ ಮೇಲೆ ನಾಚಿಕೆಯಾಯಿತು. ಅವರಿಲ್ಲದ ಮೇಲೂ ಬದುಕಲು ಇಷ್ಟೊಂದು ಆಸೆಯೇ ನನಗೆ ಎಂದು ಅಲ್ಲೇ ಚರಂಡಿಯ ಪಕ್ಕದಲ್ಲಿ ಕೂತುಬಿಟ್ಟೆ.

ಹಿಂದೆ ಓಡಿ ಬಂದ ನಾದಿನಿ ಗೇಟನ್ನು ಒಂದು ಕೈಯಲ್ಲಿ ತಳ್ಳಿ ನೆಟ್ಟಗೆ ಹೊರಗೆ ಬಂದಳು.

"ಅತ್ತಿಗೆ, ಇದಕ್ಕೆ ಬೀಗ ಹಾಕಿರಲಿಲ್ಲ."

೩. ರವಿಕೆ

ಗೇಟು ಹಾರಿದ ಸುದ್ದಿ ಹರಡಿದ ಮೇಲೆ, ವಾಕಿಂಗಿನಿಂದ ಇಷ್ಟು ಶಕ್ತಿ ಬರುತ್ತದೆಯೇ ಎಂದು ರಸ್ತೆಯ ಹೆಂಗಸರೆಲ್ಲ ಸೇರಿಕೊಂಡರು. ನಡೆದು ಬಂದ ಮೇಲೆ ದಿನಕ್ಕೊಬ್ಬರ ಮನೆಯಲ್ಲಿ ಕಾಫಿ. ಕಾಫಿ ಒಂದನ್ನೇ ಹೇಗೆ ಕೊಡುವುದೆಂದು ಅಕ್ಕಿರೊಟ್ಟಿ, ರೊಟ್ಟಿಗೆ ಒಂದು ಪಲ್ಯ, ಕೊನೆಕೊನೆಗೆ ಕಡುಬು, ಕೋಳಿಸಾರು. ಎಲ್ಲರೂ ಗಂಡಂದಿರನ್ನು ಬಯ್ಯುತ್ತ ತಿನ್ನುವರು, ನನ್ನ ಮುಖ ನೋಡಿದೊಡನೆ ಮಾತು ನಿಲ್ಲಿಸುವರು. ಆ ಮೌನ ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ದಿನ ನಾನೇ ನಮ್ಮವರ ಗೊರಕೆಯ ವಿಷಯ ತೆಗೆದು ಬಯ್ದೆ. ಎಲ್ಲರಿಗೂ ಹಾಯೆನಿಸಿತು. ನಾನು ಮಾತ್ರ ಆ ಗೊರಕೆ ಕೇಳದೆ ಎಷ್ಟು ದಿನವಾಯಿತು ಎಂದು ಎಣಿಸುತ್ತ ಕೂತೆ. ಆಗಲೂ ಅಳು ಬರಲಿಲ್ಲ.

ನನ್ನ ಶುಗರ್ ಇಳಿಯಿತು. ಮಿಕ್ಕವರ ತೂಕ ಏರಿತು. ಎಲ್ಲರ ರವಿಕೆ ಬಿಚ್ಚಿ ಅಗಲ ಮಾಡಿಕೊಡಲು ನಾನು ಅಂಗಡಿಯ ಶಟರ್ ಎತ್ತಲೇಬೇಕಾಯಿತು.

೪. ಬಿಳಿ ಸೀರೆ

ನಮ್ಮ ಗುಂಪಿಗೆ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಟೀಚರೊಬ್ಬರು ಸೇರಿದರು. ಮಂಜಿನಲ್ಲಿ ಗಾಡಿಯವರಿಗೆ ನಾವು ಕಾಣುವುದಿಲ್ಲ, ಎಲ್ಲರೂ ಬಿಳಿ ಉಟ್ಟು ಬನ್ನಿ ಎಂದರು. ಒಳ್ಳೆಯ ಮಾತು. ಬಿಳಿ ಸೀರೆ ಪ್ರತಿ ಮನೆಯ ಬೀರುವಿನಲ್ಲೂ ಒಂದು ಇದ್ದೇ ಇತ್ತು. ಅದನ್ನು ಯಾತಕ್ಕೆ ಇಟ್ಟುಕೊಂಡಿದ್ದೇವೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಬಿಳಿ ಉಟ್ಟು ಬೆಳಿಗ್ಗೆ ಹೊರಡುವುದು ಸಾವಿನ ಮನೆಗೆ.

ಮರುದಿನ ಸಾಲಾಗಿ ಹೊರಟೆವು, ಮುಂದೆ ನಾನು. ಏರುದಾರಿಯಲ್ಲಿ ಏದುಸಿರು, ಯಾರ ಬಾಯಲ್ಲೂ ಮಾತಿಲ್ಲ. ಎದುರಿಗೆ ಬಂದ ಸುಬೇದಾರ್ ಮಾವ ಜೀಪು ನಿಲ್ಲಿಸಿದರು. ಜೀವನದಲ್ಲಿ ಮೊದಲ ಸಲ ಹತ್ತಿ ಎನ್ನಲಿಲ್ಲ. ಕೆಳಗಿಳಿದು, ಟೋಪಿ ತೆಗೆದು, ಹಿಂದೆ ಸೇರಿಕೊಂಡರು. ಜಿನಸಿ ಅಂಗಡಿಯವನು ತೆರೆದ ಬಾಗಿಲನ್ನು ಮತ್ತೆ ಹಾಕಿ ಬಂದ. ಹಾಲಿಗೆ ಹೊರಟವರು ಕ್ಯಾನನ್ನು ಬೇಲಿಯ ಮೇಲೆ ಸಿಕ್ಕಿಸಿ ಬಂದರು. ಯಾರು ಸತ್ತರು ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವುದು ನಮ್ಮವರಿಗೆ ಸಂಕೋಚ. ಹೋದರೆ ಗೊತ್ತಾಗುತ್ತದಲ್ಲ.

ದಿನಾ ಹಿಂದಕ್ಕೆ ತಿರುಗುವ ಮರದ ಹತ್ತಿರ ನಿಂತು ನೋಡುತ್ತೇನೆ, ಹಿಂದೆ ಅರ್ಧ ಊರು ತಲೆ ತಗ್ಗಿಸಿ ನಿಂತಿದೆ.

ಮಾವ ಮೆಲ್ಲಗೆ ಬಂದು, "ಯಾರ ಮನೆಯಲ್ಲಿ, ಮಗಳೇ?" ಎಂದರು.

ಯಾರೂ ಸತ್ತಿಲ್ಲ ಸರ್, ಇದು ವಾಕಿಂಗ್ ಎಂದರು ಟೀಚರು. ನಾನು ನಗಬೇಕಿತ್ತು. ಆದರೆ ಆ ಮುಖಗಳನ್ನೆಲ್ಲ ನೋಡಿದೆ. ಅವತ್ತು ನಮ್ಮ ಅಂಗಳದಲ್ಲಿ ನಿಂತಿದ್ದವರೇ ಎಲ್ಲ. ಕುರ್ಚಿ ಸಾಲದ ಗಡಿಬಿಡಿಯಲ್ಲಿ ನಾನು ಅವರ ಮುಖ ನೋಡಿರಲೇ ಇಲ್ಲ.

"ನಮ್ಮವರು ಹೋದರು ಮಾವ" ಎಂದೆ.

ಚಟ್ಟಕ್ಕೆ ಹೆಗಲು ಕೊಟ್ಟಿದ್ದವರೇ ಅವರು. ಆದರೂ, ನನಗೆ ಗೊತ್ತಲ್ಲ ಎನ್ನಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟಕ್ಕೇ ಒಳಗಿದ್ದದ್ದೆಲ್ಲ ಕಿತ್ತುಕೊಂಡು ಬಂತು. ರಸ್ತೆಯ ಬದಿಯಲ್ಲಿ ಕೂತು ಗಟ್ಟಿಯಾಗಿ ಅತ್ತೆ. ನಾದಿನಿ ತಬ್ಬಿಕೊಂಡು ಅತ್ತಳು. ಉಳಿದವರು ಹೇಗೂ ಅಳಲು ಸಿದ್ಧರಾಗಿಯೇ ಬಂದಿದ್ದರು, ತಡವಾಗಲಿಲ್ಲ. ನಮ್ಮವರ ಜೊತೆ ಮಾತು ಬಿಟ್ಟಿದ್ದ ಜಿನಸಿ ಅಂಗಡಿಯವನು ಎಲ್ಲರಿಗಿಂತ ಜೋರಾಗಿ ಅತ್ತ. ನಮ್ಮವರ ಹೆಸರೂ ಗೊತ್ತಿಲ್ಲದ ಟೀಚರು ಕೂಡ ಅತ್ತರು.

ಬಹಳ ಹೊತ್ತಿನ ಮೇಲೆ ಎದೆ ಹಗುರವಾಯಿತು. ಎಲ್ಲರೂ ಕಣ್ಣೊರೆಸಿಕೊಂಡರೂ ಒಬ್ಬರೂ ಮನೆಗೆ ಹೊರಡಲಿಲ್ಲ. ಕೊನೆಗೆ ಮಾವನೇ ಕೇಳಿದರು.

"ಅಲ್ಲ ಮಗಳೇ, ಈಗ ನಾವು ಸ್ನಾನ ಮಾಡಿ ಮನೆಯೊಳಗೆ ಹೋಗಬೇಕಾ, ಹಾಗೇ ಹೋಗಬಹುದಾ?"

ಮೂಗು ಒರೆಸುತ್ತಿದ್ದ ನನಗೇ ಮೊದಲು ನಗು ಬಂತು. "ಮಾಡಿಬಿಡಿ ಮಾವ, ನಾನೂ ಮಾಡ್ತೇನೆ" ಎಂದೆ.

ಆ ಬೆಳಿಗ್ಗೆ ಯಾರೂ ಸಾಯದೆ ನಮ್ಮ ರಸ್ತೆಯ ಮನೆಮನೆಯಲ್ಲೂ ತಲೆಗೆ ಸ್ನಾನವಾಯಿತು.